ಬಲೆಗೆ ನಿಂತ ಪೆನಾಲ್ಟಿ

ಅಥವಾ ಅಷ್ಟೊಂದು ಬಿಸಿಲು ಇರಲೇ ಇಲ್ಲವೇನೋ. ಹಾರವಾಡದ ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ಮರಳು ಬೆಳ್ಳಗೆ ಕಣ್ಣು ಕುಕ್ಕುತ್ತದೆ. ಫೋನಿನಲ್ಲಿ ಉಳಿದಿರುವ ಒಂದೇ ಚಿತ್ರದಲ್ಲಿ ಮಾತ್ರ ಆಕಾಶಕ್ಕೆ ಮೋಡ ಕವಿದಿದೆ, ಮರಳು ಬೂದುಬಣ್ಣಕ್ಕಿದೆ. ಯಾವುದನ್ನು ನಂಬುವುದೋ ತಿಳಿಯದು. ಬಸ್ಸಿನ ಟಿಕೆಟ್ಟೊಂದು ಪಾಕೀಟಿನಲ್ಲಿ ಉಳಿದಿರುವುದರಿಂದ ಇಷ್ಟು ಖಚಿತ: ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಐದೂವರೆಗೆ ಹುಬ್ಬಳ್ಳಿ ಬಿಟ್ಟೆ, ಹತ್ತರ ಸುಮಾರಿಗೆ ಕಾರವಾರದಲ್ಲಿ ಇಳಿದೆ.

ರಜೆ ಸಿಕ್ಕಾಗ ಗೊತ್ತಿಲ್ಲದ ಊರಿನ ಫುಟ್‌ಬಾಲ್ ಮೈದಾನ ಹುಡುಕಿಕೊಂಡು ಹೋಗುವ ಚಟ ನನ್ನದು. ಈ ಸಲ ಅಂಕೋಲೆಯ ಸಹೋದ್ಯೋಗಿ ನಾಗರಾಜ ಒಂದು ಪೋಸ್ಟರ್ ಕಳಿಸಿದ್ದ. ಹಾರವಾಡಕ್ಕೂ ದೇವಬಾಗಕ್ಕೂ ಪಂದ್ಯ. ಸಮಯದ ಜಾಗದಲ್ಲಿ ‘ನೀರು ಇಳಿದ ಮೇಲೆ’ ಎಂದಿತ್ತು. ಅಚ್ಚಿನ ತಪ್ಪು ಎಂದುಕೊಂಡೆ. ಪಂದ್ಯ ಕಾರವಾರದಲ್ಲೇ ಇರಬೇಕೆಂದೂ ನಾನೇ ಊಹಿಸಿಕೊಂಡೆ. ಅಲ್ಲಿ ಹೋದರೆ ಮೈದಾನದಲ್ಲಿ ಎರಡು ದನ ಮೇಯುತ್ತಿದ್ದವು.

“ಹಾರವಾಡದ ಆಟವಾ?” ಎಂದು ರಿಕ್ಷಾದವನು ನಕ್ಕ. “ಅದು ಹಾರವಾಡದಲ್ಲೇ ಆಗೂದು. ನೀವು ಅದನ್ನ ದಾಟ್ಕಂಡೇ ಬಂದ್ರಿ ಮಾರಾಯ್ರಾ.”

ಅಂಕೋಲೆ ಕಡೆಯ ಬಸ್ಸು ಹಿಡಿದು ಬಂದ ದಾರಿಯಲ್ಲೇ ಇಪ್ಪತ್ತು ಕಿಲೋಮೀಟರಿನಷ್ಟು ಹಿಂದಕ್ಕೆ ಹೋದೆ. ಹೆದ್ದಾರಿಯಲ್ಲಿ ಇಳಿದು, ಒಣಮೀನಿನ ವಾಸನೆಯ ಓಣಿಯೊಂದನ್ನು ದಾಟಿದರೆ ಎದುರಿಗೆ ಸಮುದ್ರ. ದಂಡೆಯಲ್ಲಿ ದೊಡ್ಡ ಕೆಟಲ್ ಇಟ್ಟುಕೊಂಡು ಚಹಾ ಮಾರುತ್ತಿದ್ದ ಹೆಂಗಸನ್ನು ಮೈದಾನ ಎಲ್ಲಿ ಎಂದು ಕೇಳಿದೆ.

“ಸಮುದ್ರದ ಅಡಿಗೆ ಅದೆ,” ಎಂದಳು. “ಒಂದು ತಾಸು ಕೂತ್ಕಣಿ, ಮೇಲೆ ಬತ್ತದೆ.”

ಮೇಲೆ ಬಂತು. ನಾನು ದೊಡ್ಡ ಊರುಗಳ ಕ್ರೀಡಾಂಗಣಗಳನ್ನು ಕಂಡವನು. ಒಂದು ಮೈದಾನ ಹುಟ್ಟುವುದನ್ನು ಅದುವರೆಗೆ ಕಂಡಿರಲಿಲ್ಲ. ಅಲೆ ಪ್ರತಿ ಸಲವೂ ಒಂದು ಗೇಣು ಕಡಿಮೆ ಬಂದು, ಒಂದು ಗೇಣು ಹೆಚ್ಚು ಹಿಂದೆ ಸರಿಯಿತು. ಒದ್ದೆ ಮರಳು ಹಲಗೆಯಂತೆ ಗಟ್ಟಿಯಾಗಿ, ಅಗಲವಾಗಿ ಎದ್ದು ಬಂತು. ನಲವತ್ತರ ಆಸುಪಾಸಿನ ಒಬ್ಬ ದೋಣಿಯ ಹುಟ್ಟು ಹಿಡಿದು ಬಂದು ಬರಿಗಾಲಲ್ಲಿ ಹಿಂದೆ ಹಿಂದೆ ನಡೆಯುತ್ತ ಗೆರೆ ಎಳೆದ. ಸಮುದ್ರದ ಕಡೆಗೆ ಮಾತ್ರ ಎಳೆಯಲಿಲ್ಲ. ಅಲ್ಲಿ ಸಮುದ್ರವೇ ಗೆರೆ.

“ನನ್ನ ತಮ್ಮ, ಮಂಜುನಾಥ,” ಎಂದಳು ಚಹಾದ ಸಾವಿತ್ರಕ್ಕ. “ಹದಿನೆಂಟು ವರ್ಷದಿಂದ ಅವನೇ ಗೆರೆ ಎಳೂದು. ಹೆಂಡ್ತಿ ಹೇಳಿದ ಕೆಲಸ ಮಾತ್ರ ಒಂದೂ ಮಾಡೂದಿಲ್ಲ.” ಆಮೇಲೆ ದನಿ ತಗ್ಗಿಸಿದಳು. “ಇವತ್ತು ಗೆಲ್ಲದೇ ಇದ್ರೆ ಕೆಳಗಿನ ಗುಂಪಿಗೆ ಇಳಿಯೂದೇ. ಆ ಗುಂಪಿನ ಆಟ ಎಲ್ಲ ಕಾರವಾರದಲ್ಲಿ. ಮುಂದಿನ ವರ್ಷದಿಂದ ಇಲ್ಲಿ ಯಾರು ಗೆರೆ ಎಳೀತ್ರು?”

ಪಂದ್ಯ ಒಂದೂವರೆಗೋ ಎರಡಕ್ಕೋ ಶುರುವಾಯಿತು. ನೀರಿಗೆ ಹೋದ ಚೆಂಡನ್ನು ಮೊಣಕಾಲುದ್ದ ಇಳಿದು ಎಸೆಯುತ್ತಿದ್ದರು. ಮೊದಲ ಗೋಲು ಯಾರದೆಂಬುದು ಈಗ ಗೊಂದಲ. ಒಂದೊಂದು ಸಮ ಆದದ್ದು ನಿಜ. ಸಮ ಆದರೆ ಹಾರವಾಡಕ್ಕೆ ಸಾಲದು. ಮುಗಿಯಲು ಐದು ನಿಮಿಷವಿದ್ದಾಗ, ಹಾರವಾಡದ ಪರ ಆಡುತ್ತಿದ್ದ ಮಂಜುನಾಥನನ್ನು ಗೋಲಿನೆದುರೇ ಬೀಳಿಸಿದರು. ಪೆನಾಲ್ಟಿ.

ದೇವಬಾಗದ ಗೋಲ್‌ಕೀಪರ್ ಸಾಯಿನಾಥ ಕೈಗವಸು ತಟ್ಟುತ್ತ ಕೂಗಿದ: “ಮಂಜಣ್ಣಾ, ಮೊಣಕಾಲಿಗೆ ಎಣ್ಣೆ ಹಚ್ಕಂಡು ಬಂದ್ಯಾ?”

“ಕಾಲಲ್ಲಿ ಆಡೂ ಆಟ ಇದು ಸಾಯೀ. ನೀನು ಬಾಯಲ್ಲಿ ಆಡ್ತೆ.”

ಮಂಜುನಾಥ ಚೆಂಡಿಟ್ಟು ಹಿಂದಕ್ಕೆ ಹೆಜ್ಜೆ ಎಣಿಸುತ್ತಿದ್ದ. ಅಷ್ಟರಲ್ಲಿ, ಬೋರಲು ಹಾಕಿದ ದೋಣಿಯ ಮೇಲೆ ಆಟಕ್ಕೆ ಬೆನ್ನು ಹಾಕಿ ಅಲ್ಲಿಯತನಕ ಸಮುದ್ರವನ್ನೇ ನೋಡುತ್ತ ಕುಳಿತಿದ್ದ ಮುದುಕ ಎದ್ದುನಿಂತು ತಲೆಯ ಪಂಚೆ ಬಿಚ್ಚಿ ಬೀಸಿದ. “ಬಾಂಗ್ಡೊ ಆಯ್ಲೊ!”

ಬಂಗಡೆ ಮೀನಿನ ಹಿಂಡು ಬಂದಿತ್ತು. ದೂರದಲ್ಲಿ ನೀರಿನ ಒಂದು ತುಂಡು ಕಂದಿ ನಡುಗುತ್ತಿತ್ತು. ಜನರೆಲ್ಲ ದೋಣಿಯತ್ತ ಓಡಿದರು. ರೆಫರಿ ಸೀಟಿ ಊದಿ, ಉಳಿದ ನಿಮಿಷಗಳನ್ನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡು ಪ್ಯಾಂಟು ಮಡಿಚಿದ. ಮಂಜುನಾಥ ಒಂದು ಕ್ಷಣ ಚೆಂಡನ್ನೇ ನೋಡಿದ. ಒಂದು ಒದೆತಕ್ಕೆ ಎಷ್ಟು ಹೊತ್ತು ಬೇಕು? ಆದರೆ ಅವನು ಗೆರೆ ಎಳೆದಿದ್ದ ಹುಟ್ಟನ್ನು ತಂದು ಆ ಜಾಗದಲ್ಲಿ ನೆಟ್ಟು ಓಡಿದ.

ರಂಪಣಿ ಬಲೆಯ ಒಂದು ಹಗ್ಗ ದಂಡೆಯಲ್ಲೇ ಉಳಿಯಿತು. ದೋಣಿ ಬಲೆ ಬಿಡುತ್ತ ಬಿಡುತ್ತ ಅರ್ಧಚಂದ್ರ ಸುತ್ತಿ ಇನ್ನೊಂದು ಹಗ್ಗವನ್ನು ದಂಡೆಗೆ ತಂದಿತು. ದೇವಬಾಗದವರು ಕುಳಿತು ಚಹಾ ಕುಡಿಯುತ್ತಾರೆಂದು ನಾನು ಎಣಿಸಿದ್ದೆ. ಅವರು ಆಗಲೇ ಹಗ್ಗಕ್ಕೆ ಕೈ ಹಚ್ಚಿದ್ದರು. ಸಾಯಿನಾಥ ಹಲ್ಲಿನಿಂದ ಕಚ್ಚಿ ಕೈಗವಸು ಕಳಚಿ ಎಲ್ಲರಿಗಿಂತ ಮುಂದೆ ನಿಂತಿದ್ದ.

“ಎಂತಾ ನೋಡ್ತಾ ನಿಂತ್ರಿ ಒಡ್ಯಾ? ಹಗ್ಗ ಹಿಡೀರಿ!” ಎಂದಳು ಸಾವಿತ್ರಕ್ಕ.

ಹಿಡಿದೆ. ಒಂದು ತಾಸೋ ಎರಡೋ, ಹೇಳಲಾರೆ. ಸಮುದ್ರವನ್ನೇ ಎಳೆಯುತ್ತಿದ್ದೇವೆ, ಅದು ಒಪ್ಪುತ್ತಿಲ್ಲ ಎಂಬಂತಿತ್ತು. ಕೊನೆಗೆ ಬಲೆಯ ಹೊಟ್ಟೆ ದಂಡೆ ಮುಟ್ಟಿದಾಗ ನೀರು ಕುದಿಯಿತು. ಸಾವಿರಾರು ಬಂಗಡೆಗಳು ಒಂದೇ ಮೈಯಾಗಿ ನೀಲಿಯಾಗಿ, ಮರುಕ್ಷಣ ಬೆಳ್ಳಿಯಾಗಿ ಹೊರಳಿದವು. ಅವು ಮಾಡಿದ ಸದ್ದು ತಗಡಿನ ಮೇಲೆ ಸುರಿಯುವ ಮಳೆಯದು.

ಆಗ ಮಂಜುನಾಥ ಕೂಗಿದ. ಬಲೆ ಎತ್ತಲು ಒಳಗಿಳಿದಿದ್ದ ಅವನ ಬಲಪಾದಕ್ಕೆ ಮುಳ್ಳುಮೀನು ಚುಚ್ಚಿತ್ತು. ಸಾಯಿನಾಥ ಅವನನ್ನು ಹೊತ್ತು ತಂದು ಮರಳಲ್ಲಿ ಕೂರಿಸಿ, ಕೆಟಲ್ ಕಸಿದುಕೊಂಡು ಬಿಸಿ ಚಹಾವನ್ನು ಗಾಯದ ಮೇಲೆ ಸ್ವಲ್ಪಸ್ವಲ್ಪವಾಗಿ ಹೊಯ್ದ. ನಂಜಿಗೆ ಬಿಸಿ ಬೀಳಬೇಕಂತೆ.

“ಕುಡೂಕೆ ಮಾಡಿದ ಚಾ ಅದು!” ಎಂದು ಸಾವಿತ್ರಕ್ಕ ಬೈದಳು, ಅಳುತ್ತಲೇ.

“ಸಕ್ರೆ ಕಮ್ಮಿ ಆಯ್ತು ಅಕ್ಕಾ. ಇವನ ಕಾಲಿಗೆ ರುಚಿ ಹತ್ತಲಿಲ್ಲ,” ಎಂದ ಸಾಯಿನಾಥ.

ಅಷ್ಟರಲ್ಲಿ ಮೈದಾನ ನೀರಿನಡಿ ಹೋಗಿತ್ತು. ಹುಟ್ಟು ಮಾತ್ರ ಅಲೆಗಳ ನಡುವೆ ನಿಂತಿತ್ತು. ಬಲೆಗೆ ನಿಂತ ಆಟ ನಿಂತಲ್ಲಿಂದಲೇ ಶುರುವಾಗಬೇಕು, ಚೆಂಡಿಟ್ಟವನೇ ಒದೆಯಬೇಕು ಎಂಬುದು ಇಲ್ಲಿಯ ಕಟ್ಟಳೆ ಎಂದು ರೆಫರಿ ಹೇಳಿದ. ನಾಳೆ, ನೀರು ಇಳಿದ ಮೇಲೆ.

“ಈ ಕಾಲಲ್ಲಾ?” ಎಂದಳು ಅಕ್ಕ.

ಮಂಜುನಾಥ ಊದಿದ ಪಾದವನ್ನು ನೋಡಿಕೊಂಡ. “ಎಡಗಾಲು ಅದ್ಯಲ್ಲ.”

ಹಗ್ಗ ಎಳೆದವರಿಗೆಲ್ಲ ಪಾಲು. ನನಗೂ ಎಂಟು ಬಂಗಡೆ ಬಂತು. ಬೇಡವೆಂದರೆ ಬೈದಾರೆಂದು ಇಸಿದುಕೊಂಡೆ. ಅಂಕೋಲೆಯಲ್ಲಿ ಸಂಜೆಯ ಹುಬ್ಬಳ್ಳಿ ಬಸ್ಸು ಸಿಕ್ಕಿತು. ಮೀನಿನ ಚೀಲ ಕಂಡು ಕಂಡಕ್ಟರ್ ಮೂಗು ಮುಚ್ಚಿಕೊಂಡ. ಅರಬೈಲ್ ಘಟ್ಟದ ತಿರುವುಗಳಲ್ಲಿ ಕಂಬಿ ಹಿಡಿಯಲಾಗಲಿಲ್ಲ. ಎರಡೂ ಅಂಗೈಗಳ ಚರ್ಮ ಸುಲಿದಿತ್ತು. ಎಲ್ಲರಿಗಿಂತ ಹಿಂದೆ ನಿಂತು ಎಳೆದ ನನ್ನ ಕೈಯೇ ಹೀಗಾಗಿತ್ತು.

ಸೋಮವಾರ ನಾಗರಾಜ ಸುದ್ದಿ ತಂದ. ಅವನೂ ಅಲ್ಲಿರಲಿಲ್ಲ, ಯಾರೋ ಹೇಳಿದ್ದನ್ನು ಹೇಳಿದ. ಮಂಜುನಾಥ ಎಡಗಾಲಲ್ಲಿ ಒದ್ದನಂತೆ. ಸಾಯಿನಾಥ ಸರಿಯಾದ ಕಡೆಗೇ ಹಾರಿದನಂತೆ. ಚೆಂಡು ಅವನ ಎರಡೂ ಕೈಗೆ ಸಿಕ್ಕಿ, ಜಾರಿ, ಒಳಗೆ ಹೋಯಿತಂತೆ. ಹಾರವಾಡ ಉಳಿಯಿತು.

ಚೆಂಡು ಅಷ್ಟು ಬಿರುಸಾಗಿತ್ತೇ, ಹಗ್ಗ ಸುಲಿದ ಕೈ ತಡೆಯಲಾಗದೆ ಬಿಟ್ಟಿತೇ, ಅಥವಾ ಸಾಯಿನಾಥನೇ ಬಿಟ್ಟನೇ ಎಂಬುದು ನನಗೆ ಗೊತ್ತಿಲ್ಲ.