ಹೆಂಡತಿ ಹೇಳದ ಒಡಪು

ಇಳಕಲ್ಲಿನ ಪೇಟೆಯಲ್ಲಿ ಅಂದಾನಪ್ಪನ ಅಂಗಡಿಗೆ ಒಂದು ಬೋರ್ಡಿತ್ತು. ಅದರ ಮೇಲೆ ‘ಕವಿ’ ಎಂಬುದು ದೊಡ್ಡ ಅಕ್ಷರದಲ್ಲಿ, ‘ಟೇಲರ್’ ಎಂಬುದು ಸಣ್ಣ ಅಕ್ಷರದಲ್ಲಿ. ಹೊಟ್ಟೆಗೆ ಹಾಕುತ್ತಿದ್ದದ್ದು ಮಾತ್ರ ಸಣ್ಣ ಅಕ್ಷರವೇ. ಬಾದಾಮಿಯ ಅರಸರ ಮೇಲೆ ಮಹಾಕಾವ್ಯ ಬರೆಯುತ್ತಿದ್ದೇನೆಂದು ಎಪ್ಪತ್ತರ ದಶಕದುದ್ದಕ್ಕೂ ಅವನು ಹೇಳುತ್ತ ಬಂದ. ಎಂಬತ್ತು ಬಂದರೂ ಅರಸ ಇನ್ನೂ ಕುದುರೆ ಹತ್ತಿರಲಿಲ್ಲ. ಹುನಗುಂದದ ಕವಿಗೋಷ್ಠಿಯಲ್ಲಿ ಒಮ್ಮೆ ಅದನ್ನು ಓದಲು ನಿಂತಾಗ ಮೈಕಿನವನೇ ಚಹಾ ಕುಡಿಯಲು ಎದ್ದುಹೋದ.

ಊರಲ್ಲಿ ಅವನ ಹೆಸರು ಓಡಾಡುತ್ತಿದ್ದದ್ದು ಒಡಪುಗಳಿಂದ. ಮದುವೆಯಾದ ಹೆಣ್ಣು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಕೊನೆಗೆ ಹೆಸರು ಸೇರಿಸಿ ಹೇಳಬೇಕು. ಶುಭಕಾರ್ಯದ ಮನೆಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತರೆಂದರೆ ಒಡಪು ಕೇಳದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಗುಳೇದಗುಡ್ಡದ ಖಣ ಹಿಡಿದು ಕುಪ್ಪಸ ಹೊಲಿಸಲು ಬಂದ ಮದುಮಗಳು ತಾನು ಅಳತೆ ಕೊಟ್ಟು, ಜೊತೆಗೆ ಬಂದ ಗೆಳತಿಯಿಂದ ವರನ ಹೆಸರು ಹೇಳಿಸುತ್ತಿದ್ದಳು. ಕುಪ್ಪಸದ ಜೊತೆ ಒಡಪೂ ತಯಾರಾಗುತ್ತಿತ್ತು. ಕುಪ್ಪಸ ಬಿಗಿಯಾಯಿತೆಂದು ಜಗಳಕ್ಕೆ ಬಂದವರುಂಟು, ಒಡಪಿನ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ.

ತೆಗೆದವಳು ಒಬ್ಬಳೇ, ಅವನ ಹೆಂಡತಿ ಶಿವಬಸವ್ವ. ಬಾಗಿಲಲ್ಲಿ ಹೆಂಗಸರ ಗುಂಪು ಕಂಡಿತೆಂದರೆ ಆಕೆ ಸದ್ದಿಲ್ಲದೆ ಹಿತ್ತಲ ಬಾಗಿಲು ಹಿಡಿಯುತ್ತಿದ್ದಳು. “ಊರಿಗೆಲ್ಲಾ ಪದಾ ಕಟ್ಟಿಕೊಡ್ತಾನ, ಹೇಂತಿ ಬಾಯಾಗ ಇವನ ಹೆಸರ ಇಲ್ಲಲ್ಲವಾ!” ಎಂದು ಹೆಂಗಸರು ನಗುತ್ತಿದ್ದರು. ಕವಿಗೆ ಅದು ಮೈಕಿನವನು ಎದ್ದುಹೋದದ್ದಕ್ಕಿಂತ ಹೆಚ್ಚು ನೋಯುತ್ತಿತ್ತು. ಒಂದೇ ಒಂದು ಸಲ, ನಾಲ್ಕು ಜನರ ಮುಂದೆ, ಆಕೆ ತನ್ನ ಹೆಸರು ಹೇಳಬೇಕೆಂಬುದೇ ಅವನ ಆಸೆ.

ತಪ್ಪು ಅವನದೇ. ಮದುವೆಯಾದ ಹೊಸದರಲ್ಲಿ ಆಕೆಗೆಂದೇ ಒಂದು ಒಡಪು ಕಟ್ಟಿಕೊಟ್ಟಿದ್ದ. ಆಕೆ ರೊಟ್ಟಿ ಬಡಿಯುತ್ತ ಬಡಿಯುತ್ತ ಅದನ್ನು ಬಾಯಿಪಾಠ ಮಾಡಿದಳು. ಅಷ್ಟರಲ್ಲಿ ಓಣಿಯ ಹೊಸ ಮದುವಣಗಿತ್ತಿ ದುರಗವ್ವ ಅವಸರದಲ್ಲಿ ಬಂದು ಕೇಳಿದಾಗ ಹೊಸ ಪ್ರಾಸ ಹೊಳೆಯಲಿಲ್ಲ. ಅದನ್ನೇ ಕೊಟ್ಟು ಕೈ ತೊಳೆದುಕೊಂಡ. ಪಂಚಮಿಯ ಜೋಕಾಲಿಯಲ್ಲಿ ಒಡಪು ಹೇಳುವಾಗ ದುರಗವ್ವನ ಪಾಳಿ ಮೊದಲು ಬಂತು, ಅವಳು ಅದನ್ನೇ ಹೇಳಿದಳು. ಪಕ್ಕದಲ್ಲಿದ್ದ ಶಿವಬಸವ್ವ ತೆರೆದ ಬಾಯಿ ಮುಚ್ಚಿಕೊಂಡು ಮನೆಗೆ ಬಂದಳು.

“ಕುಪ್ಪಸಾ ಆದ್ರ ಅಳತಿ ತಗೊಂಡು ಹೊಲೀತೀರಿ. ನನ್ನ ಪದಾ ಯಾರ ಮೈಗಾದ್ರೂ ಆಗತದೇನ್ರಿ?”

“ಹೆಸರ ಬದಲ ಮಾಡಿ ಕೊಟ್ಟೇನಲ್ಲ!” ಎಂದ ಅಂದಾನಪ್ಪ. ಇಂಥ ಉತ್ತರ ಕವಿಗಳಿಗೇ ಹೊಳೆಯುವಂಥದ್ದು.

ಮುಂದೆ ಎಂಬತ್ತೆರಡರಲ್ಲಿ ಶಿವಬಸವ್ವನ ತಂಗಿ ಗುರುಲಿಂಗವ್ವನನ್ನು ಬಾದಾಮಿಗೆ ಕೊಟ್ಟರು. ಅಂದಾನಪ್ಪ ಅರಸನನ್ನು ಕುದುರೆಯ ಪಕ್ಕದಲ್ಲೇ ನಿಲ್ಲಿಸಿ, ಹೆಂಡತಿಗಾಗಿ ಹೊಸ ಒಡಪು ಕಟ್ಟಲು ಕೂತ. ಚಂದ್ರ ಬಂದ, ಮಲಪ್ರಭೆ ಬಂತು, ಐಹೊಳೆಯ ಕಂಬಗಳೂ ಬಂದು ಸಾಲಾಗಿ ನಿಂತವು. ಎದುರಿನ ಚಹಾದಂಗಡಿಯ ಅಲ್ಲಾಸಾಬನಿಗೆ ಓದಿ ತೋರಿಸಿದ.

“ಭಾಳ ಛಲೋ ಐತಿ ಕವಿಗಳ,” ಎಂದ ಅಲ್ಲಾಸಾಬ. “ಆದ್ರ ಇದನ್ನ ಯಾವ ಹೆಣಮಗಳಾದ್ರೂ ಹೇಳಬಹುದಲ್ಲ?”

“ನಿನಗೇನ ತಿಳೀತದ ಲೇ!” ಎಂದು ಕವಿ ಅರ್ಧ ಚಹಾ ಬಿಟ್ಟು ಎದ್ದ. ಆ ಒಡಪನ್ನು ಹೆಂಡತಿಗೆ ಕೊಟ್ಟ. ಆಕೆ ಓದಿದಳು, ಮಡಚಿದಳು, ರೊಟ್ಟಿ ಬಡಿಯಲು ಕೂತಳು.

ಬಾದಾಮಿಯಲ್ಲಿ ಗಂಡಿನ ಮನೆಯ ಬಾಗಿಲಲ್ಲಿ ಮದುಮಕ್ಕಳು ಒಬ್ಬರ ಹೆಸರನ್ನೊಬ್ಬರು ಒಡಪಿನಲ್ಲಿ ಹೇಳಿ ಒಳಗೆ ಹೋದರು. ಹಿಂದೆ ಬಂದ ಅಕ್ಕ-ಭಾವನನ್ನು ಬೀಗರ ಕಡೆಯ ಹೆಂಗಸರು ತಡೆದರು. ಶಿವಬಸವ್ವ ಅತ್ತಿತ್ತ ನೋಡಿದಳು. ಮನೆಗೆ ಹಿತ್ತಲ ಬಾಗಿಲೇ ಇರಲಿಲ್ಲ. ಹಿಂದೆ ಬರೀ ಗುಡ್ಡ. ಅಂದಾನಪ್ಪ ತನ್ನ ಒಡಪಿಗೆ ಕಿವಿಗೊಟ್ಟು ನಿಂತ. ಆಕೆ ಸೆರಗು ಸರಿಪಡಿಸಿಕೊಂಡು ಶುರು ಮಾಡಿದಳು. ಚಂದ್ರನೂ ಇಲ್ಲ, ಮಲಪ್ರಭೆಯೂ ಇಲ್ಲ.

“ಕತ್ತರಿ ಕೈಯಾಗ ಹಿಡದು ಮುಗಿಲ ನೋಡ್ತಾರ,
ಎಡದ ತೋಳು ತಂದು ಬಲಕ್ಕ ಹಚ್ಚತಾರ,
ಉಣ್ಣಾಕ ಕರದ್ರ ಪದಾ ಮುಗೀಲಿ ಅಂತಾರ,
ಆರಿದ ರೊಟ್ಟಿ ಕಾಸಿಟ್ಟು ಹಾದಿ ನೋಡ್ತೇನಿ, ನಮ್ಮ ಅಂದಾನಪ್ಪನವರ.”

ಬಾಗಿಲಲ್ಲಿ ನಗೆಯೋ ನಗೆ. ಅಂದಾನಪ್ಪನೂ ನಗಲು ಹೋದ. ಕೊನೆಯ ಸಾಲು ಅವನನ್ನು ತಡೆಯಿತು. ಇಷ್ಟು ವರ್ಷ ರೊಟ್ಟಿ ಬಿಸಿಯಾಗಿ ಬರುತ್ತಿದ್ದದ್ದು ಹೇಗೆಂದು ಅವನು ಯೋಚಿಸಿಯೇ ಇರಲಿಲ್ಲ.

“ಈಗ ಕವಿಗಳ ಪಾಳಿ! ಹೇಂತಿ ಹೆಸರ ಹೇಳ್ರಿ!” ಎಂದು ಹೆಂಗಸರು ಅವನತ್ತ ತಿರುಗಿದರು.

ಊರಿನ ಗಂಡಂದಿರ ಹೆಸರುಗಳಿಗೆಲ್ಲ ಪ್ರಾಸ ಹುಡುಕಿದವನು ಬಾಯಿ ತೆರೆದು ನಿಂತ. ಚಂದ್ರ, ಹೊಳೆ, ಕಂಬ ಎಲ್ಲವೂ ನಾಲಿಗೆಯ ತನಕ ಬಂದು ಹಿಂದೆ ಸರಿದವು. ಯಾವುದೂ ಆಕೆಗೆ ಹೊಂದಲಿಲ್ಲ.

“ಶಿವಬಸವ್ವ,” ಎಂದ.

“ಇಷ್ಟನ? ಪದಾ ಎಲ್ಲೈತ್ರಿ?” ಎಂದು ಹೆಂಗಸರು ಗದ್ದಲವೆಬ್ಬಿಸಿದರು.

ಶಿವಬಸವ್ವ ಅವನ ಕಣ್ಣು ನೋಡಿದಳು, ಬಾಗಿಲಿಗೆ ಅಡ್ಡವಿದ್ದ ಕೈಗಳನ್ನು ಮೆಲ್ಲಗೆ ಸರಿಸಿದಳು.

“ಬಿಡ್ರೆವಾ ಒಳಗ. ಇದು ನನ್ನ ಅಳತಿಗೆ ಬರೊಬ್ಬರಿ ಐತಿ.”