ಕಾಂತೇಶನ ಕರಿ ಬಾನೆಟ್ಟು

ನನ್ನ ತಮ್ಮ ಕಾಂತೇಶನ ವಿಷಯ ಹೇಳಬೇಕೆಂದರೆ ನನ್ನ ಹಾಲು ಕರೆಯುವ ಮಷೀನಿನಿಂದಲೇ ಶುರು ಮಾಡಬೇಕು. 2006ರಲ್ಲಿ ನಿಟ್ಟೂರಿನಲ್ಲಿ ನನ್ನ ಹತ್ತಿರ ಆರು ಸೀಮೆಹಸುಗಳಿದ್ದವು. ಬೆಳಗಿನ ಹಾಲು ಡೈರಿಗೆ ಹೋದ ಮೇಲೆ ಆ ಮಷೀನಿನ ಪಂಪು ಇವನದು. ಸಂಜೆ ನಾಲ್ಕಕ್ಕೆ ವಾಪಸ್ ಕೊಡಬೇಕು ಅಂತ ಮಾತು, ಐದಾದರೂ ಕೊಡುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಹಸುಗಳು ಅರಚುತ್ತಿದ್ದರೆ ಹೊರಗೆ ನಾನು ಅರಚುತ್ತಿದ್ದೆ.

ಹನ್ನೊಂದು ವರ್ಷ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಸ್ಸಿನ ಫೈಬರ್ ಸೀಟು ಮಾಡಿಕೊಂಡಿದ್ದವನು, ಒಂದು ದಿನ ಕೆಲಸ ಬಿಟ್ಟು ಮನೆಗೆ ಬಂದ. ಕಾರಿಗೆ ಕಾರ್ಬನ್ ಫೈಬರ್ ಸಾಮಾನು ಮಾಡುತ್ತಾನಂತೆ. ಅದೇನು ಅಂದರೆ ಚಾಪೆಯ ಹಾಗೆ ಹೆಣೆದ ಕಪ್ಪು ಬಟ್ಟೆ. ಮೊದಲು ಕಾರಿನ ಬಾನೆಟ್ಟಿನ ಮೇಲಿಂದ ಒಂದು ಬಿಳಿ ಅಚ್ಚು ತೆಗೆಯುತ್ತಾನೆ. ಅಚ್ಚಿಗೆ ಮೇಣ ಉಜ್ಜಿ, ನೀರಿನಂತೆ ತಿಳಿಯಾದ ರೆಸಿನ್ ಅನ್ನುವ ಅಂಟು ಬಳಿದು, ಬಟ್ಟೆ ಹಾಸಿ, ಮತ್ತೆ ರೆಸಿನ್ ಬಳಿದು, ಮೇಲೆ ಪ್ಲಾಸ್ಟಿಕ್ ಮುಚ್ಚಿ, ನನ್ನ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಹೀರಿಸುತ್ತಾನೆ. ಒಣಗಿದ ಮೇಲೆ ಅದು ಕಬ್ಬಿಣದಷ್ಟು ಗಟ್ಟಿ, ಎತ್ತಿದರೆ ಮೊರದಷ್ಟು ಹಗುರ. ಇದಕ್ಕೆ ಬಣ್ಣ ಹೊಡೆಯುವುದಿಲ್ಲ, ಒಳಗಿನ ಹೆಣಿಗೆ ಕಾಣಬೇಕು, ಜನ ಕೇಳಿಕೊಂಡು ಬರುವುದೇ ಅದಕ್ಕೆ. ಅಚ್ಚಿಗೆ ತಾಗಿಕೊಂಡ ಬದಿಯೇ ಕೊನೆಗೆ ಹೊರಮುಖವಾಗುತ್ತದೆ ಅನ್ನುವುದು ಮಾತ್ರ ನನಗೆ ಆಗ ಗೊತ್ತಿರಲಿಲ್ಲ.

ಒಂದು ವರ್ಷ ಬರೀ ಕನ್ನಡಿ ಕವರು, ಗೇರು ಹಾಕುವ ಹಿಡಿ, ಇಂಥವೇ. ಆಮೇಲೆ ಕುಣಿಗಲ್‌ನಿಂದ ಮೋಹನ್‌ಕುಮಾರ್ ಅಂತ ರ್‍ಯಾಲಿಯಲ್ಲಿ ಕಾರು ಓಡಿಸುವವನೊಬ್ಬ ಬಂದು ಬಾನೆಟ್ಟು ಕೇಳಿದ. ಇದು ಒಪ್ಪಿಗೆಯಾದರೆ ತನ್ನ ಜೊತೆಯವರ ಕಾರುಗಳಿಗೂ ಮಾಡಿಸುತ್ತೇನೆ ಅಂದ. ಅದೇ ವಾರ ಹಳೆಯ ಕಾರ್ಖಾನೆಯವರು ಹೇಳಿ ಕಳಿಸಿದ್ದರು: ಸೋಮವಾರದೊಳಗೆ ಬಂದರೆ ಕೆಲಸ ಉಂಟು, ಇಲ್ಲದಿದ್ದರೆ ಬೇರೆಯವರು.

"ಇದೊಂದು ಕೆಟ್ರೆ ಸೋಮವಾರ ಹೋಗ್ಬುಡ್ತೀನಿ ಕಣಕ್ಕ. ಆಮೇಲೆ ಈ ಸುದ್ದಿ ಎತ್ತಲ್ಲ" ಅಂದ ಕಾಂತೇಶ. ಉಳಿದಿದ್ದ ಬಟ್ಟೆ ಒಂದು ಬಾನೆಟ್ಟಿಗೆ ಆಗುವಷ್ಟೇ.

"ಇವತ್ತೇ ಹೋಗೋ, ಪುಣ್ಯ ಬರ್ತದೆ. ನನ್ ಹಸುಗಳಾದ್ರೂ ನೆಟ್ಟಗೆ ಹಾಲು ಕೊಡ್ತವೆ" ಅಂದೆ ನಾನು.

ಅವನು ಪ್ಲಾಸ್ಟಿಕ್ ಅಂಟಿಸುವ ಟೇಪು ತರಲು ಗುಬ್ಬಿಗೆ ಹೋದ. ಹಾಗೆ ಅನ್ನಬಾರದಿತ್ತು. ಯಾವಾಗಲೂ ಹೀಗೇ ನಾನು, ಬಾಯಿ ಮುಂದೆ, ಬುದ್ಧಿ ಹಿಂದೆ. ಶೆಡ್ಡಿಗೆ ಹೋಗಿ ನೋಡಿದರೆ ಮೇಣ ಉಜ್ಜಿದ ಅಚ್ಚು ಫಳಫಳ ಅನ್ನುತ್ತಿತ್ತು. ನಮ್ಮ ಮನೆಯಲ್ಲಿ ಹೊಸ ನೇಗಿಲಿರಲಿ, ಮೋಟಾರಿರಲಿ, ವಿಭೂತಿ ಇಡದೆ ಮುಟ್ಟಿದವರಿಲ್ಲ. ಇವನು ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುತ್ತಿದ್ದಾನೆ, ಅಚ್ಚಿನ ಹಣೆ ಬರಿದು. ಮೂರು ಬೆರಳಿಗೆ ವಿಭೂತಿ ಒತ್ತಿಕೊಂಡು ನಡುಮಧ್ಯಕ್ಕೆ ಎಳೆದು, ಮನೆದೇವರನ್ನು ನೆನೆದು 'ಸಿದ್ದಪ್ಪಾ, ಇದೊಂದು ಆಗಲಿ' ಅಂದುಕೊಂಡೆ. ಬಿಳಿ ಅಚ್ಚಿನ ಮೇಲೆ ಬಿಳಿ ವಿಭೂತಿ, ವಾಪಸ್ ಬಂದು ರೆಸಿನ್ ಬಳಿಯುವಾಗ ಅವನ ಕಣ್ಣಿಗೆ ಬೀಳಲೇ ಇಲ್ಲ.

ಶನಿವಾರ ಬೆಳಿಗ್ಗೆ ಅಚ್ಚಿನಿಂದ ಬಾನೆಟ್ಟು ಬಿಡಿಸಿ ಬಿಸಿಲಿಗೆ ಹಿಡಿದ. ಕರೀ ಹೊಳಪಿನ ಒಳಗೆ ಮೂರು ಬೂದಿ ಪಟ್ಟೆ. ಮೂರನೆಯದು ಗಿಡ್ಡ, ಹುಲ್ಲು ಕತ್ತರಿಸುವ ಮಷೀನಿಗೆ ತುದಿ ಕೊಟ್ಟ ನನ್ನ ಬೆರಳಿನದು. ಉಜ್ಜಿ ತೆಗೆಯೋಣವೆಂದರೆ ಅದು ರೆಸಿನ್ನಿನ ಒಳಗಿದೆ, ಉಜ್ಜಿದರೆ ಹೆಣಿಗೆಯೇ ಹೋಗುತ್ತದೆ. ಅವನು ಆ ಪಟ್ಟೆ ನೋಡಿದ, ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ಮೋಹನ್‌ಕುಮಾರ್ ಬಂದ. ಬಾನೆಟ್ಟು ಎತ್ತಿ ನೋಡಿದ, ತಟ್ಟಿ ನೋಡಿದ, ಪಟ್ಟೆ ನೋಡಿ ಮುಖ ಸಿಂಡರಿಸಿದ. "ಏನ್ರೀ ಇದು?"

"ನನ್ ಕೈ ತಪ್ಪು ಸಾರ್. ಅಚ್ಚು ಸರಿಯಾಗಿ ಒರೆಸ್ಲಿಲ್ಲ" ಅಂದ ಕಾಂತೇಶ.

"ಒಂದು ಅಚ್ಚು ಒರೆಸಕ್ಕಾಗದವರು ಇನ್ನೇನ್ರೀ ಮಾಡ್ತೀರ? ಬೇಡ ಬಿಡಿ" ಅಂದು ಅವನು ಕಾರಿನ ಕಡೆ ನಡೆದ.

ನಾನು ಸಗಣಿ ಕೈಯಲ್ಲೇ ಹೋಗಿ ಅಡ್ಡ ನಿಂತೆ. "ಅವನು ಒರೆಸಿದ್ದ ಸ್ವಾಮಿ. ನಾನು ಹೋಗಿ ವಿಭೂತಿ ಇಕ್ಕಿದ್ದು. ನೋಡಿ, ನನ್ ಬೆರಳು ನೋಡಿ. ಅವನ ಕೆಲಸದಲ್ಲಿ ತಪ್ಪಿದ್ರೆ ಹೇಳಿ, ನನ್ ತಪ್ಪಿಗೆ ಅವನ್ನ ಬಿಡಬೇಡಿ."

ಮೋಹನ್‌ಕುಮಾರ್ ನನ್ನ ಬೆರಳು ನೋಡಿದ. ವಾಪಸ್ ಬಂದು ಬಾನೆಟ್ಟನ್ನು ಮಗುಚಿ, ಅಂಚಿನುದ್ದಕ್ಕೂ ಕೈಯಾಡಿಸಿದ. ಎಲ್ಲೂ ಒಂದು ಗುಳ್ಳೆ ಸಿಗಲಿಲ್ಲ. "ಇದು ಬೇಡ. ಇನ್ನೊಂದು ಮಾಡಿ, ಬಟ್ಟೆ ನಾನೇ ಕೊಡಿಸ್ತೀನಿ. ಸೋಮವಾರ ಅದಕ್ಕೆ ಬೆಂಗಳೂರಿಗೆ ಬನ್ನಿ" ಅಂದು ಹೊರಟ.

ಕಾರು ಹೋದ ಮೇಲೆ ಕಾಂತೇಶ ನನ್ನ ಮೇಲೆ ಸಿಟ್ಟಾದ. "ಯಾಕೆ ಹೇಳಕ್ ಹೋದೆ?"

"ನೀನ್ಯಾಕ್ಲಾ ಸುಳ್ಳು ಹೇಳ್ದೆ? ಸೋಮವಾರ ಮತ್ತೆ ಸೀಟು ಮಾಡಕ್ಕೆ ಹೋಗ್ತಿದ್ಯಲ್ಲ."

ಅವನು ಪಂಪಿನ ಪೈಪು ಕಳಚತೊಡಗಿದ. "ನಾನು ಇದು ಶುರು ಮಾಡ್ದಾಗಿಂದ ನಿನ್ ಬಾಯಲ್ಲಿ ಒಂದಿನ ಒಳ್ಳೇ ಮಾತು ಬಂದಿರ್ಲಿಲ್ಲ ಕಣಕ್ಕ. ಇದೊಂದ್ಸಲ ನೀನು ವಿಭೂತಿ ಇಕ್ಕಿ ಒಳ್ಳೇದಾಗ್ಲಿ ಅಂದಿದ್ದೆ. ಅದ್ನ ತಪ್ಪು ಅಂತ ಹೊರಗಿನವ್ರಿಗೆ ಹೆಂಗ್ ಹೇಳ್ಲಿ?"