ಗಾಜಿಗೆ ಬುಡ ಕೂರಿಸುವ ಬುಡದಕ್ಕ

ಬೀದಿದೀಪ ಇನ್ನೂ ಆರಿಲ್ಲ. ಬುಡದಕ್ಕ ಅಂಗಡಿಯ ಬಾಗಿಲನ್ನು ಅರ್ಧ ತೆರೆದು, ಚಪ್ಪಲಿ ಬಿಡುವುದನ್ನೂ ಮರೆತು ಸೀದಾ ಮೇಜಿಗೆ ಹೋಗುತ್ತಾರೆ. ನಿನ್ನೆ ಸಂಜೆ ಅಂಟು ಹಾಕಿಟ್ಟ, ಹಳೇ ರೇಡಿಯೊದ ಬಲ್ಬಿನಂಥ ವಾಲ್ವ್ ಬಟ್ಟೆಯ ಸಿಂಬಿಯ ಮೇಲಿದೆ. ಎತ್ತಿಕೊಳ್ಳುತ್ತಾರೆ, ಇಡುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ.

"ಪಿನ್ನು ಕೆಳಗಿಂದ ಎಣಿಸಿದ್ನೋ, ಮೇಲಿಂದ ಎಣಿಸಿದ್ನೋ?"

ಹಳೆಯ ವಾಲ್ವಿನ ಗಾಜಿಗೆ ಕಪ್ಪು ಬುಡ, ಬುಡದಡಿ ಸುತ್ತಲೂ ಪಿನ್ನುಗಳು. ವರ್ಷಗಳ ಶಾಖಕ್ಕೆ ಅಂಟು ಪುಡಿಯಾಗಿ, ಬುಡ ಬಿರಿದು, ಗಾಜು ಮುದುಕರ ಹಲ್ಲಿನಂತೆ ಅಲ್ಲಾಡತೊಡಗುತ್ತದೆ. ಸತ್ತ ವಾಲ್ವಿನ ಗಟ್ಟಿ ಬುಡ ಕಳಚಿ, ಜೀವವಿರುವ ಗಾಜಿಗೆ ಕೂರಿಸುವುದು ಇವರ ಕೆಲಸ. ಗಾಜಿನಿಂದ ಹೊರಬಂದ ತೆಳ್ಳನೆಯ ತಂತಿಗಳನ್ನು ಆಯಾ ಪಿನ್ನಿಗೇ ಪೋಣಿಸಿ ಬೆಸುಗೆ ಹಾಕಬೇಕು. ಪಿನ್ನುಗಳನ್ನು ಅಡಿಯಿಂದಲೇ ನೋಡಿ ಎಣಿಸಬೇಕು. ಮೇಲಿಂದ ಎಣಿಸಿದರೆ ಎಡಬಲ ಅದಲುಬದಲು. ಸೋದರಮಾವ ಕಲಿಸಿದ ವಿದ್ಯೆ. ದಿನಕ್ಕೆರಡು ವಾಲ್ವ್ ಆದರೆ ಹೆಚ್ಚು. ಈಗೀಗ ಕಣ್ಣು ಬೇಗ ಸೋಲುತ್ತದೆ.

ಮೀಟರ್ ಹಿಡಿದರೆ ಮುಳ್ಳು ಏಳುತ್ತದೆ. ಆದರೂ ಸಮಾಧಾನವಿಲ್ಲ. ಗಾಜಿನೊಳಗೆ ಬಿಸಿಯಾಗುವ ಎಳೆಯ ಎರಡು ಪಿನ್ನು ಎದುರುಬದುರು ಇರುವುದರಿಂದ, ಎಡಬಲ ತಪ್ಪಿದ್ದರೂ ಮುಳ್ಳು ಹೀಗೆಯೇ ಏಳುತ್ತದೆ. ಪೂರಾ ಪರೀಕ್ಷಿಸುವ ಯಂತ್ರ ಇವರಲ್ಲಿಲ್ಲ.

ಅಷ್ಟರಲ್ಲಿ ವಾಲ್ವಿನ ಒಡೆಯ, ಪಕ್ಕದ ಬೀದಿಯ ದರ್ಜಿ, ಬಂದೇಬಿಡುತ್ತಾರೆ.

"ಆಯ್ತೇನಕ್ಕಾ? ಅಮ್ಮಂಗೆ ಕಣ್ಣು ಕಾಣಲ್ಲ, ಆ ರೇಡಿಯೊನೇ ಜೊತೆ. ಅದು ಸುಮ್ನಾದಾಗಿಂದ ನನ್ನ ತಲೆ ತಿಂತಿದಾಳೆ!"

ಇಂಥ ವಾಲ್ವ್ ಇನ್ನೊಂದಕ್ಕಾಗಿ ಅವರು ಊರೆಲ್ಲ ಅಲೆದಾಗಿದೆ. ಸಿಕ್ಕಿಲ್ಲ.

"ಆಗಿದೆ ಅಂತ ಕೊಟ್ಟುಬಿಡಬಹುದು. ನಂಗೇ ನಂಬಿಕೆ ಇಲ್ಲ ಕಣಪ್ಪ. ತಂತಿ ತಪ್ಪಿದ್ರೆ ರೇಡಿಯೊಗೆ ಹಾಕಿದ ಕೂಡ್ಲೇ ಹಾಳಾಗುತ್ತೆ. ಈಗ ಬಿಚ್ಚೋಕೆ ಹೋಗಿ ತಂತಿ ಮುರಿದ್ರೂ ಹೋದಂಗೇ. ಏನ್ ಮಾಡ್ಲಿ?"

ದರ್ಜಿ ಕತ್ತು ಕೆರೆದುಕೊಳ್ಳುತ್ತಾರೆ. "ನಾನೂ ಬಟ್ಟೆ ಮಗುಚಿಟ್ಟು, ಒಂದೇ ಅಂಗಿಗೆ ಎರಡು ಎಡತೋಳು ಕತ್ತರಿಸಿದೋನೇ. ಬಿಚ್ಚಕ್ಕಾ. ಆಗಿದ್ದಾಗ್ಲಿ."

ಬೆಸುಗೆ ತಣಿಯದಿರಲೆಂದು ದರ್ಜಿ, ಯಾರೂ ಹೇಳದೆ, ತಾವೇ ಫ್ಯಾನ್ ಆರಿಸಿ ಟಾರ್ಚ್ ಹಿಡಿಯುತ್ತಾರೆ. ಅಷ್ಟರಲ್ಲಿ ಬಂದು ಅಂಗಡಿಯ ಮುಂಭಾಗದಲ್ಲಿ ಕೆಲಸ ಹಿಡಿದಿದ್ದ, ಇಸ್ತ್ರಿಪೆಟ್ಟಿಗೆ ರಿಪೇರಿಯ ಮೈದುನ ಬಡಿಯುವುದನ್ನು ನಿಲ್ಲಿಸುತ್ತಾರೆ. ಬುಡದಕ್ಕ ಪಿನ್ನುಗಳನ್ನು ಒಂದೊಂದಾಗಿ ಕಾಯಿಸಿ, ಕರಗಿದ ಸೀಸವನ್ನು ಕೈಪಂಪಿನಿಂದ ಹೀರಿ ತೆಗೆಯುತ್ತಾರೆ. ಅಂಟು ಒಳಗಿನ್ನೂ ಹಸಿ. ಬುಡ ತುಸುವೇ ಜಾರಿ ಸಂದಿ ಬಿಡುತ್ತದೆ. ಟಾರ್ಚಿನ ಬೆಳಕು ಒಳಗೆ ಬೀಳುತ್ತದೆ.

ತಂತಿಗಳೆಲ್ಲ ತಮ್ಮ ತಮ್ಮ ಪಿನ್ನಿನಲ್ಲೇ ಇವೆ. ಒಂದೂ ಮುರಿದಿಲ್ಲ.

"ಸರಿಯಾಗೇ ಇತ್ತಲ್ಲ ಅತ್ತಿಗೆ!" ಮೈದುನ ನಗುತ್ತಾರೆ. "ಸುಮ್ನೆ ಬಿಚ್ಚಿದ್ರಿ."

"ಸುಮ್ನೆ ಅಲ್ಲ. ಈಗ ನಂಗೆ ಗೊತ್ತು." ಆಗಲೇ ಹೊಸ ಅಂಟು ಕಲಸುತ್ತಿದ್ದಾರೆ. "ನಾಳೆ ಬಾರಪ್ಪ. ಅಮ್ಮನ ಹತ್ರ ಇನ್ನೊಂದಿನ ಬೈಸ್ಕೋ."

ಈ ಕೆಲಸಕ್ಕೆ ನಾಲ್ಕು ಜನರಲ್ಲಿ ಹೆಸರು ಬರಬೇಕೆನಿಸುವುದಿಲ್ಲವೇ ಎಂದು ಕೇಳಿದರೆ ತಲೆಯೆತ್ತದೆ ಉತ್ತರಿಸುತ್ತಾರೆ:

"ಅವರಮ್ಮ ರೇಡಿಯೊ ಕೇಳುವಾಗ ನನ್ನ ನೆನಪೇ ಬರಬಾರ್ದು. ಬಂತು ಅಂದ್ರೆ, ಬುಡ ಮತ್ತೆ ಅಲ್ಲಾಡ್ತಿದೆ ಅಂತಲೇ ಅರ್ಥ."